ದೇವರ ಕೃಪೆ, ಕರುಣೆ, ರಕ್ಷಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೈಸ್ತ ನಂಬಿಕೆಯ ಬಗ್ಗೆ ಮಾತುಕತೆಯಲ್ಲಿ, ಪತ್ರಗಳಲ್ಲಿ, ಕಮೆಂಟುಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸುವಂಥದ್ದು ಆಮೇಲೆ. ಎಲ್ಲ ಪಂಗಡದವರೂ ಒಪ್ಪುವ ಮಾತನ್ನು ನೇರವಾಗಿ ಹೇಳಿದ್ದೇನೆ, ಒಪ್ಪದ ಕಡೆ ಯಾರು ಏನೆನ್ನುತ್ತಾರೆ ಅಂತ ಬರೆದಿದ್ದೇನೆ. ನನ್ನ ಅಭಿಪ್ರಾಯ ಎಲ್ಲಿದೆ ಅನ್ನೋದು ಓದುವಾಗ ನಿಮಗೇ ಗೊತ್ತಾಗುತ್ತದೆ.

## ಮೊದಲ ಪ್ರಶ್ನೆಗಳು

ಕೃಪೆ, ಕರುಣೆ ಎರಡೂ ಒಂದೇ ಅಲ್ವಾ? ಯಾಕೆ ಬೇರೆ ಬೇರೆ ಹೇಳ್ತಾರೆ?

ಒಂದೇ ಅಲ್ಲ, ಆದರೆ ಒಂದನ್ನು ಬಿಟ್ಟು ಇನ್ನೊಂದು ಇರುವುದೂ ಅಪರೂಪ. ಬರಬೇಕಾದ ಶಿಕ್ಷೆ ಬಾರದೆ ಹೋದರೆ ಅದು ಕರುಣೆ. ಯಾವ ಯೋಗ್ಯತೆಯೂ ಇಲ್ಲದವನಿಗೆ ಒಳ್ಳೆಯದು ಸಿಕ್ಕರೆ ಅದು ಕೃಪೆ.

ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ತಪ್ಪಿಹೋದ ಮಗನ ಕಥೆ ಇದೆಯಲ್ಲ, ಅಲ್ಲಿ ಎರಡನ್ನೂ ಅಕ್ಕಪಕ್ಕ ನೋಡಬಹುದು. ಆಸ್ತಿಯ ಪಾಲನ್ನೆಲ್ಲ ಹಾಳು ಮಾಡಿ ಬಂದವನನ್ನು ಅಪ್ಪ ಬಯ್ಯಲಿಲ್ಲ, ಬಾಗಿಲಾಚೆ ನಿಲ್ಲಿಸಲಿಲ್ಲ. ಇದು ಕರುಣೆ. ಅಷ್ಟೇ ಆಗಿದ್ದರೂ ಮಗ ಹೇಗೋ ಬದುಕಿಕೊಳ್ಳುತ್ತಿದ್ದ. ಆದರೆ ಆಮೇಲೆ ಒಳ್ಳೆಯ ನಿಲುವಂಗಿ ಬಂತು, ಬೆರಳಿಗೆ ಉಂಗುರ ಬಂತು, ಕಾಲಿಗೆ ಜೋಡು ಬಂತು, ಔತಣವೂ ನಡೆಯಿತು. ಇದು ಕೃಪೆ. ಒಂದು ಸಣ್ಣ ವಿವರ ಗಮನಿಸಿ. ಮಗ ಹೇಳಬೇಕು ಅಂದುಕೊಂಡು ಬಂದದ್ದು ಮೂರು ಮಾತು: ಪಾಪ ಮಾಡಿದ್ದೇನೆ, ನಿನ್ನ ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ನನ್ನನ್ನು ಕೂಲಿಯವನ ಹಾಗೆ ಇಟ್ಟುಕೋ. ಮೂರನೆಯದು ಬಾಯಿಂದ ಹೊರಡುವ ಮೊದಲೇ ಅಪ್ಪ ಆಳುಗಳನ್ನು ಕರೆದು ಬಟ್ಟೆ ತನ್ನಿ ಅಂದುಬಿಡುತ್ತಾನೆ. ಕೂಲಿ ಲೆಕ್ಕ ಶುರುವಾಗಲು ಬಿಡುವುದೇ ಇಲ್ಲ. ಕೆಳಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಲೆಕ್ಕವನ್ನು ಹೇಗಾದರೂ ಮಾಡಿ ಮತ್ತೆ ಒಳಗೆ ತರುವ ಪ್ರಯತ್ನಗಳೇ, ನೋಡುತ್ತಾ ಹೋಗಿ.

ಈ ವ್ಯತ್ಯಾಸವನ್ನು ಎಲ್ಲ ಕಡೆ ಸೂತ್ರದ ಹಾಗೆ ಹಚ್ಚಬೇಡಿ. ಕುರುಡ ಬಾರ್ತಿಮಾಯ ಕರುಣಿಸು ಅಂತ ಕೂಗಿದಾಗ ಶಿಕ್ಷೆಯಿಂದ ಬಿಡುಗಡೆ ಕೇಳುತ್ತಿರಲಿಲ್ಲ, ಕಣ್ಣು ಕೇಳುತ್ತಿದ್ದ. ಸಂಕಟ ಕಂಡು ಸುಮ್ಮನಿರಲಾರದ ಮನಸ್ಸೂ ಕರುಣೆಯೇ.

ನಾನು ಯಾರಿಗೂ ಕೆಟ್ಟದ್ದು ಮಾಡಿದವನಲ್ಲ. ನನಗ್ಯಾಕೆ ಬೇಕು ಕರುಣೆ?

ಯಾರ ಪಕ್ಕದಲ್ಲಿ ನಿಂತು ಹೇಳ್ತಾ ಇದ್ದೀರಿ ಅನ್ನೋದರ ಮೇಲೆ ಹೋಗುತ್ತದೆ ಇದು. ಯೇಸು ಹೇಳಿದ ಇಬ್ಬರ ಕಥೆ ಲೂಕ 18ರಲ್ಲಿದೆ. ದೇವಾಲಯಕ್ಕೆ ಒಬ್ಬ ಫರಿಸಾಯ (ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವನು), ಒಬ್ಬ ಸುಂಕದವನು (ಜನ ಪಾಪಿ ಅಂತ ದೂರವಿಟ್ಟಿದ್ದ ತೆರಿಗೆ ವಸೂಲಿಗಾರ) ಹೋಗುತ್ತಾರೆ. ಫರಿಸಾಯ ವಾರಕ್ಕೆ ಎರಡು ಸಲ ಉಪವಾಸ ಮಾಡುವವನು, ಗಳಿಸಿದ್ದರಲ್ಲಿ ಹತ್ತನೇ ಒಂದು ಪಾಲು ಕೊಡುವವನು. ಅವನು ಹೇಳಿಕೊಂಡದ್ದು ಸುಳ್ಳು ಅಂತ ಕಥೆ ಎಲ್ಲೂ ಹೇಳುವುದಿಲ್ಲ. ಅವನು ತನ್ನನ್ನು ಅಳೆದುಕೊಂಡದ್ದು ಪಕ್ಕದಲ್ಲಿದ್ದ ಸುಂಕದವನ ಎದುರು, ಅಷ್ಟೇ. ಸುಂಕದವನು ಮಾತ್ರ ತಲೆ ಎತ್ತದೆ ಪಾಪಿಯಾದ ನನ್ನನ್ನು ಕರುಣಿಸು ಅಂದ. ನೀತಿವಂತನಾಗಿ ಮನೆಗೆ ಹೋದವನು ಅವನೇ.

ಕ್ರೈಸ್ತ ನಂಬಿಕೆಯಲ್ಲಿ ಪಾಪ ಅಂದರೆ ಬರೀ ಅಪರಾಧಗಳ ಪಟ್ಟಿ ಅಲ್ಲ. ಕೊಲೆ ಮಾಡಬಾರದು ಅನ್ನೋದನ್ನು ಯೇಸು ಒಳಗಿನ ಸಿಟ್ಟಿನ ತನಕ ಎಳೆದುಕೊಂಡು ಹೋಗುತ್ತಾನೆ. ಮಾಡದೆ ಬಿಟ್ಟ ಒಳ್ಳೆಯದೂ ಲೆಕ್ಕಕ್ಕೆ ಬರುತ್ತದೆ. ಆ ಅಳತೆಗೆ ನಿಂತರೆ ಎಲ್ಲರೂ ಕುಳ್ಳರೇ, ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ಇದನ್ನೇ ಹೇಳುತ್ತಾನೆ.

ದೇವರು ಸುಮ್ನೆ ಕ್ಷಮಿಸಬಹುದಿತ್ತಲ್ಲ? ಶಿಲುಬೆ ಯಾಕೆ ಬೇಕಾಯ್ತು?

ಕ್ಷಮೆ ಯಾವಾಗಲೂ ಯಾರಿಗೋ ಭಾರವಾಗುತ್ತದೆ. ಸಾಲ ಮನ್ನಾ ಮಾಡಿದರೆ ಆ ದುಡ್ಡು ಮಾಯವಾಗುವುದಿಲ್ಲ, ಕೊಟ್ಟವನ ಕಿಸೆಗೆ ನಷ್ಟ. ಶಿಲುಬೆಯಲ್ಲಿ ಆ ನಷ್ಟವನ್ನು ದೇವರು ತಾನೇ ಹೊತ್ತ ಅನ್ನೋದು ಎಲ್ಲ ಕ್ರೈಸ್ತರ ನಂಬಿಕೆ.

ಹೇಗೆ ಹೊತ್ತ ಅನ್ನೋದಕ್ಕೆ ವಿವರಣೆ ಹಲವು. ಮೊದಲ ಶತಮಾನಗಳವರು ಇದನ್ನು ಪಾಪ, ಸಾವು, ಸೈತಾನನ ಮೇಲೆ ಗೆಲುವು ಅಂತ ನೋಡಿದರು. 11ನೇ ಶತಮಾನದ ಕೊನೆಗೆ ಧರ್ಮಪಂಡಿತ ಆನ್ಸೆಲ್ಮ್, ದೇವರಿಗೆ ಸಲ್ಲಬೇಕಾದ ಗೌರವದ ಸಾಲವನ್ನು ಕ್ರಿಸ್ತನು ತೀರಿಸಿದ ಅಂದರು. 16ನೇ ಶತಮಾನದಲ್ಲಿ ಕಥೋಲಿಕ ಧರ್ಮಸಭೆಯಿಂದ ಬೇರೆಯಾದ ಪ್ರೊಟೆಸ್ಟೆಂಟ್ ಸುಧಾರಕರು ನಮ್ಮ ಶಿಕ್ಷೆಯನ್ನು ಅವನು ತೆಗೆದುಕೊಂಡ ಅನ್ನುವುದಕ್ಕೆ ಒತ್ತು ಕೊಟ್ಟರು. ಬಿಷಪ್ಪರು ಕೂಡಿದ ಹಳೆಯ ಮಹಾಸಭೆಗಳು ಕ್ರಿಸ್ತ ಯಾರು ಅನ್ನೋದನ್ನು ಅಕ್ಷರ ಅಕ್ಷರ ತೂಗಿ ನಿರ್ಧರಿಸಿದವು, ಆದರೆ ಈ ವಿವರಣೆಗಳಲ್ಲಿ ಒಂದನ್ನೇ ಆರಿಸಿ ಮುದ್ರೆ ಒತ್ತಲಿಲ್ಲ. ಅದು ಜಾಣತನ ಅಂತ ನನಗನ್ನಿಸುತ್ತದೆ. ಒಂದು ಮಾತು ಮಾತ್ರ ಬೇಡ: ಕೋಪದ ತಂದೆ ಒಂದು ಕಡೆ, ಬಡಪಾಯಿ ಮಗ ಇನ್ನೊಂದು ಕಡೆ ಅಂತ ಚಿತ್ರ ಬಿಡಿಸುವುದು. ಲೋಕವನ್ನು ಪ್ರೀತಿಸಿ ಮಗನನ್ನು ಕಳಿಸಿದ್ದೇ ತಂದೆ.

ಹಳೆ ಒಡಂಬಡಿಕೆಯ ದೇವರು ಕೋಪದವನು, ಕೃಪೆ ಎಲ್ಲ ಹೊಸ ಒಡಂಬಡಿಕೆಯಲ್ಲಿ. ಸರಿ ತಾನೇ?

ತಪ್ಪು. ಹಳೆಯ ತಪ್ಪು ಕೂಡ. 2ನೇ ಶತಮಾನದಲ್ಲಿ ಮಾರ್ಸಿಯಾನ್ ಎಂಬವನು ಎರಡು ಬೇರೆ ಬೇರೆ ದೇವರು ಅಂತಲೇ ಕಲಿಸಿದ, ರೋಮಿನ ಕ್ರೈಸ್ತ ಸಭೆ 144ರಲ್ಲಿ ಅವನನ್ನು ಹೊರಗೆ ಹಾಕಿತು.

ಬೈಬಲ್ಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆಯ ವಿಮೋಚನಕಾಂಡ 34 ಓದಿ. ದೇವರು ತಾನು ಕರುಣೆಯುಳ್ಳವನು, ಬೇಗ ಸಿಟ್ಟಾಗದವನು ಅಂತ ಮೋಶೆಗೆ ಹೇಳುವುದು ಅಲ್ಲೇ, ಅದೂ ಜನ ಚಿನ್ನದ ಕರು ಮಾಡಿ ಅಡ್ಡಬಿದ್ದ ಮೇಲೆ. ಯೋನನ ಜಗಳ ಇನ್ನೂ ಮಜವಾಗಿದೆ. ನಾಶವಾಗುತ್ತೀರಿ ಅಂತ ಎಚ್ಚರಿಸಲು ದೇವರು ಅವನನ್ನು ಕಳಿಸಿದ ನಿನೆವೆ ಪಟ್ಟಣದವರು ಪಶ್ಚಾತ್ತಾಪ ಪಟ್ಟರು, ದೇವರು ಬಿಟ್ಟುಬಿಟ್ಟ, ಯೋನನಿಗೆ ಕೋಪ ಬಂತು. ನೀನು ಕರುಣಾಳು ಅಂತ ನನಗೆ ಮೊದಲೇ ಗೊತ್ತಿತ್ತು, ಅದಕ್ಕೇ ಓಡಿಹೋಗಿದ್ದೆ ಅನ್ನುತ್ತಾನೆ. ದೇವರ ಒಳ್ಳೆಯ ಗುಣವನ್ನೇ ದೂರಿನ ಹಾಗೆ ಹೇಳುವ ಪ್ರವಾದಿ! ಹಾಗೇ ಹೊಸ ಒಡಂಬಡಿಕೆಯಲ್ಲೂ ತೀರ್ಪಿನ ಮಾತು ಬೇಕಾದಷ್ಟಿದೆ, ಅದರಲ್ಲಿ ಬಹಳಷ್ಟು ಯೇಸುವಿನ ಬಾಯಿಂದಲೇ ಬಂದದ್ದು.

## ಬದುಕಿನಲ್ಲಿ ಎದುರಾಗುವವು

ನಂಬಿದರೆ ಸಾಕು ಅಂತಾನೆ ಪೌಲ, ಕ್ರಿಯೆ ಬೇಕು ಅಂತಾನೆ ಯಾಕೋಬ. ಯಾರ ಮಾತು ಕೇಳೋದು?

ಇಬ್ಬರದ್ದೂ. ವಿಚಿತ್ರ ಅಂದರೆ ಇಬ್ಬರೂ ಹಿಡಿದುಕೊಂಡಿರುವುದು ಒಂದೇ ವಚನ. ಅಬ್ರಹಾಮ ದೇವರನ್ನು ನಂಬಿದ, ಅದು ಅವನ ಪಾಲಿಗೆ ನೀತಿ ಅಂತ ಎಣಿಸಲ್ಪಟ್ಟಿತು ಅನ್ನುವ ಆದಿಕಾಂಡ 15ರ ಮಾತು. ಪೌಲ ಕೇಳುವುದು, ಅದು ಎಣಿಸಲ್ಪಟ್ಟಾಗ ಅಬ್ರಹಾಮನಿಗೆ ಸುನ್ನತಿ ಆಗಿತ್ತಾ? ಇಲ್ಲ. ಹಾಗಾದರೆ ಸುನ್ನತಿ ಮಾಡಿಸಿಕೊಂಡರೆ ಮಾತ್ರ ರಕ್ಷಣೆ (ಪಾಪದಿಂದ ಬಿಡುಗಡೆ) ಅಂತ ಬೇರೆ ಜನಾಂಗದವರ ಮೇಲೆ ಹೇರಬೇಡಿ. ಯಾಕೋಬನ ಎದುರಿಗಿರುವವರು ಬೇರೆ. ಬಟ್ಟೆ ಇಲ್ಲದ, ಊಟ ಇಲ್ಲದ ಸಹೋದರನಿಗೆ ಸುಖವಾಗಿ ಹೋಗಿ ಬಾ ಅಂತ ಹೇಳಿ ಕಳಿಸಿ, ನನಗೆ ನಂಬಿಕೆ ಇದೆ ಅನ್ನುವ ಜನ. ಅವರಿಗೆ ಯಾಕೋಬನ ಉತ್ತರ ಖಾರವಾಗಿದೆ: ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ.

ಒಬ್ಬ ರಕ್ಷಣೆಗೆ ಟಿಕೆಟ್ ಇಟ್ಟವರ ಜೊತೆ ಮಾತಾಡುತ್ತಿದ್ದಾನೆ, ಇನ್ನೊಬ್ಬ ನಂಬಿಕೆಯನ್ನು ಬರೀ ಬಾಯಿಮಾತು ಮಾಡಿಕೊಂಡವರ ಜೊತೆ. ಪ್ರೊಟೆಸ್ಟೆಂಟ್ ಸುಧಾರಕ ಮಾರ್ಟಿನ್ ಲೂಥರ್‌ಗೆ ಇದು ಸರಿಹೋಗಲಿಲ್ಲ, 1522ರಲ್ಲಿ ಯಾಕೋಬನ ಪತ್ರಿಕೆಯನ್ನು ಹುಲ್ಲಿನ ಪತ್ರಿಕೆ ಅಂತ ಕರೆದರು. ಲೂಥರ್ ಅಲ್ಲಿ ಅವಸರಪಟ್ಟರು ಅಂತ ನನ್ನ ಅನಿಸಿಕೆ. ಪೌಲನೇ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಎರಡನ್ನೂ ಒಂದರ ಹಿಂದೆ ಒಂದು ಇಡುತ್ತಾನೆ: ರಕ್ಷಣೆ ಕೃಪೆಯಿಂದ, ಕ್ರಿಯೆಗಳಿಂದಲ್ಲ, ಆದರೆ ನಮ್ಮನ್ನು ನಿರ್ಮಿಸಿದ್ದು ಒಳ್ಳೆಯ ಕ್ರಿಯೆಗಳಿಗಾಗಿ. ಯಾವುದು ಮೊದಲು ಅನ್ನೋದರಲ್ಲೇ ಎಲ್ಲ ಇದೆ.

ಕೃಪೆ ಪುಕ್ಕಟೆ ಅಂದ್ಮೇಲೆ ಬೇಕಾದ್ದು ಮಾಡಿ ಆಮೇಲೆ ಕ್ಷಮೆ ಕೇಳಿದರಾಯ್ತಲ್ಲ?

ಈ ಪ್ರಶ್ನೆ ಪೌಲನಿಗೂ ಬಂದಿತ್ತು. ರೋಮಾಪುರದವರಿಗೆ 6ನೇ ಅಧ್ಯಾಯ ಶುರುವಾಗುವುದೇ ಇದರಿಂದ: ಕೃಪೆ ಹೆಚ್ಚಲಿ ಅಂತ ಪಾಪ ಮಾಡುತ್ತಲೇ ಇರೋಣವೇ? ಎಂದಿಗೂ ಇಲ್ಲ ಅನ್ನುತ್ತಾನೆ. ಆದರೆ ಅವನು ಕೊಡುವ ಕಾರಣ ನೋಡಿ. ಮಾಡಿದರೆ ಶಿಕ್ಷೆ ಬೀಳುತ್ತದೆ ಅಂತ ಹೆದರಿಸುವುದಿಲ್ಲ. ಪಾಪದ ಪಾಲಿಗೆ ಸತ್ತವರು ಅದರಲ್ಲೇ ಹೇಗೆ ಬದುಕುತ್ತೀರಿ ಅಂತ ಕೇಳುತ್ತಾನೆ. ಮೊದಲೇ ಪ್ಲಾನ್ ಹಾಕಿಕೊಂಡ ಪಶ್ಚಾತ್ತಾಪ ಪಶ್ಚಾತ್ತಾಪವೇ ಅಲ್ಲ, ಅದು ವ್ಯವಹಾರ.

ಜರ್ಮನಿಯ ಪಾಸ್ಟರ್ ಡೀಟ್ರಿಚ್ ಬೊನ್‌ಹಾಫರ್ 1937ರಲ್ಲಿ ಇದಕ್ಕೆ ಅಗ್ಗದ ಕೃಪೆ ಅಂತ ಹೆಸರಿಟ್ಟರು. ಪಶ್ಚಾತ್ತಾಪ ಇಲ್ಲದ ಕ್ಷಮೆ, ಶಿಲುಬೆ ಇಲ್ಲದ ಕೃಪೆ. ಹಿಟ್ಲರನಿಗೆ ತಲೆಬಾಗಿಕೊಂಡೇ ಭಾನುವಾರ ಸಮಾಧಾನವಾಗಿ ಕೂತಿದ್ದ ಸಭೆಗಳನ್ನು ಕಣ್ಣಾರೆ ಕಂಡವರು ಅವರು. 1945ರ ಏಪ್ರಿಲ್ 9ರಂದು ನಾಜಿಗಳು ಅವರನ್ನು ಗಲ್ಲಿಗೇರಿಸಿದರು.

ಹಾಗಂತ ಕೃಪೆ ಸಿಕ್ಕ ಮರುದಿನವೇ ಮನುಷ್ಯ ಪೂರ್ತಿ ಬದಲಾಗುತ್ತಾನೆ ಅಂತಲೂ ಅಲ್ಲ. ಅಮೇಜಿಂಗ್ ಗ್ರೇಸ್ ಹಾಡು ಬರೆದ ಜಾನ್ ನ್ಯೂಟನ್ 1748ರಲ್ಲಿ ಸಮುದ್ರದ ಬಿರುಗಾಳಿಯಲ್ಲಿ ದೇವರನ್ನು ಕೂಗಿಕೊಂಡವರು. ಆಮೇಲೂ ಗುಲಾಮರನ್ನು ಸಾಗಿಸುವ ಹಡಗುಗಳ ಕ್ಯಾಪ್ಟನ್ ಆಗಿ ದುಡಿದರು, 1754ರ ತನಕ. ಆ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಬರೆದದ್ದು 1788ರಲ್ಲಿ, ಪಾದ್ರಿಯಾಗಿ ಎಷ್ಟೋ ವರ್ಷ ಕಳೆದ ಮೇಲೆ. ಬಿರುಗಾಳಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ, ನಡುವಿನ 40 ವರ್ಷವನ್ನು ಹಾರಿಸಿಬಿಡುತ್ತಾರೆ. ನನಗೆ ಆ 40 ವರ್ಷವೇ ಮುಖ್ಯ ಅನ್ನಿಸುತ್ತದೆ.

ಜೀವನಪೂರ್ತಿ ಕೆಟ್ಟದ್ದು ಮಾಡಿ ಸಾಯುವಾಗ ಕ್ಷಮೆ ಕೇಳಿದವನಿಗೂ ಸ್ವರ್ಗ, ನಮಗೂ ಸ್ವರ್ಗ. ಇದು ಅನ್ಯಾಯ ಅಲ್ವಾ?

ಲೆಕ್ಕದ ಪ್ರಕಾರ ಅನ್ಯಾಯವೇ. ಅದನ್ನು ಯೇಸು ಮುಚ್ಚಿಡುವುದೂ ಇಲ್ಲ. ಮತ್ತಾಯ 20ರ ದ್ರಾಕ್ಷಿತೋಟದ ಕಥೆಯಲ್ಲಿ ಬೆಳಗ್ಗೆಯಿಂದ ಬಿಸಿಲಲ್ಲಿ ದುಡಿದವನಿಗೂ ಒಂದು ದಿನಾರಿ (ಒಂದು ದಿನದ ಕೂಲಿ), ಸಂಜೆ ಒಂದು ಗಂಟೆ ಮಾತ್ರ ದುಡಿದವನಿಗೂ ಒಂದು ದಿನಾರಿ. ಅದೂ ಯಜಮಾನ ಕೊನೆಗೆ ಬಂದವರಿಗೇ ಮೊದಲು ಕೂಲಿ ಕೊಡಿಸುತ್ತಾನೆ. ಮೊದಲು ಬಂದವರಿಗೆ ಮೊದಲು ಕೊಟ್ಟಿದ್ದರೆ ಅವರು ತಮ್ಮದನ್ನು ತೆಗೆದುಕೊಂಡು ಸುಮ್ಮನೆ ಮನೆಗೆ ಹೋಗುತ್ತಿದ್ದರು, ಜಗಳವೇ ಇರುತ್ತಿರಲಿಲ್ಲ. ಬೇಕೆಂದೇ ಅವರು ನೋಡುವ ಹಾಗೆ ಮಾಡಿದ್ದು ಅದು. ಯಾರಿಗೂ ಮಾತಾಡಿದ್ದಕ್ಕಿಂತ ಕಡಿಮೆ ಸಿಗಲಿಲ್ಲ ಅನ್ನೋದನ್ನೂ ಗಮನಿಸಿ. ಸಿಟ್ಟು ಬಂದದ್ದು ತನಗೆ ಕಡಿಮೆಯಾಯಿತು ಅಂತಲ್ಲ, ಪಕ್ಕದವನಿಗೆ ಜಾಸ್ತಿಯಾಯಿತು ಅಂತ.

ಶಿಲುಬೆಯ ಮೇಲೆ ಯೇಸುವಿನ ಪಕ್ಕದಲ್ಲಿದ್ದ ಕಳ್ಳನಿಗೆ ದೀಕ್ಷಾಸ್ನಾನ (ಕ್ರೈಸ್ತನಾಗುವಾಗ ಪಾಪ ತೊಳೆಯುವ ಗುರುತಾಗಿ ನೀರಿನಲ್ಲಿ ಮಾಡುವ ಸಂಸ್ಕಾರ) ಆಗಲಿಲ್ಲ, ಒಂದು ದಿನವೂ ಸಭೆಗೆ ಹೋಗಲಿಲ್ಲ, ಕದ್ದದ್ದನ್ನು ಹಿಂದಿರುಗಿಸಲು ಕೈಯೂ ಖಾಲಿ ಇರಲಿಲ್ಲ. ನನ್ನನ್ನು ನೆನಪಿಸಿಕೋ ಅಂದ, ಅಷ್ಟೇ. ಈ ಹೊತ್ತೇ ನನ್ನ ಸಂಗಡ ಇರುವೆ ಅನ್ನುವ ಉತ್ತರ ಸಿಕ್ಕಿತು.

ಇದನ್ನು ನೆಪ ಮಾಡಿಕೊಂಡು ಕೊನೆಯ ತನಕ ತಳ್ಳಬಹುದಾ? ಹಿಂದೆ ತಳ್ಳಿದವರಿದ್ದಾರೆ. 4ನೇ ಶತಮಾನದಲ್ಲಿ ದೀಕ್ಷಾಸ್ನಾನವನ್ನು ಸಾಯುವ ಹೊತ್ತಿಗೆ ಇಟ್ಟುಕೊಳ್ಳುವವರು ಇದ್ದರು, ಚಕ್ರವರ್ತಿ ಕಾನ್‌ಸ್ಟಂಟೈನ್ ಕೂಡ 337ರಲ್ಲಿ ಮರಣಶಯ್ಯೆಯಲ್ಲೇ ಮಾಡಿಸಿಕೊಂಡ. ಆ ಕಾಲದ ಸಭೆಯ ಹಿರಿಯರು ಇದನ್ನು ಬಲವಾಗಿ ಬಯ್ದಿದ್ದಾರೆ. ಆದರೆ ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ತಳ್ಳುವವರಲ್ಲ, ಬೆಳಗ್ಗೆಯಿಂದ ದುಡಿದವರು, ತಪ್ಪಿಹೋದ ಮಗನ ಕಥೆಯಲ್ಲಿ ಮನೆಯಲ್ಲೇ ಉಳಿದ ದೊಡ್ಡ ಮಗನ ಸಾಲಿನವರು. ಅವನು ಔತಣ ನಡೆಯುತ್ತಿದ್ದ ಮನೆಯ ಹೊರಗೆ ನಿಂತು, ಇಷ್ಟು ವರ್ಷ ಗುಲಾಮನ ಹಾಗೆ ದುಡಿದೆ, ನನಗೊಂದು ಆಡಿನ ಮರಿಯನ್ನೂ ಕೊಡಲಿಲ್ಲ ಅನ್ನುತ್ತಾನೆ. ತಮ್ಮನು ಹೊಲ ಬಿಟ್ಟು ಓಡಿಹೋಗಿದ್ದ, ಇವನು ಮನೆಯಲ್ಲಿದ್ದುಕೊಂಡೇ ಕೂಲಿಯವನಾಗಿಬಿಟ್ಟಿದ್ದ. ಅಪ್ಪ ಅವನನ್ನೂ ಕರೆಯಲು ಹೊರಗೆ ಬರುತ್ತಾನೆ. ಅವನು ಒಳಗೆ ಹೋದನೋ ಇಲ್ಲವೋ ಕಥೆ ಹೇಳುವುದಿಲ್ಲ.

ದೇವರು ಕ್ಷಮಿಸಿದ ಮೇಲೆ ಮತ್ತೆ ಪೊಲೀಸು, ಜೈಲು, ಪರಿಹಾರ ಎಲ್ಲ ಯಾಕೆ?

ಯಾಕೆಂದರೆ ನಷ್ಟ ಆದವರು ಇನ್ನೂ ಅಲ್ಲೇ ಇದ್ದಾರೆ. ಇಸ್ರೇಲಿನ ಅರಸ ದಾವೀದ ಬತ್ಷೆಬೆಯನ್ನು ಕರೆಸಿಕೊಂಡು ಅವಳ ಗಂಡ ಊರೀಯನನ್ನು ಕೊಲ್ಲಿಸಿದ. ಪ್ರವಾದಿ ನಾತಾನ ಎದುರು ನಿಂತಾಗ ತಪ್ಪೊಪ್ಪಿಕೊಂಡ, ಕ್ಷಮೆ ತಕ್ಷಣ ಸಿಕ್ಕಿತು. ಆದರೆ ಊರೀಯ ಎದ್ದು ಬರಲಿಲ್ಲ, ದಾವೀದನ ಮನೆಯಲ್ಲಿ ಮುಂದೆ ನಡೆದ ಅನಾಹುತಗಳೂ ತಪ್ಪಲಿಲ್ಲ. ಸುಂಕದವನಾದ ಜಕ್ಕಾಯನನ್ನು ನೋಡಿ. ಯೇಸು ಅವನ ಮನೆಗೆ ಬಂದದ್ದು ಮೊದಲು. ಯಾರಿಂದಲಾದರೂ ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂತ ಅವನು ಎದ್ದು ನಿಂತದ್ದು ಆಮೇಲೆ. ಹಿಂದಿರುಗಿಸಿ ಕೃಪೆ ಕೊಂಡುಕೊಳ್ಳಲಿಲ್ಲ, ಕೃಪೆ ಸಿಕ್ಕಿದ್ದಕ್ಕೆ ಹಿಂದಿರುಗಿಸಿದ.

ಇಲ್ಲಿ ಒಂದು ಮಾತನ್ನು ಜೋರಾಗಿ ಹೇಳಬೇಕು. ಹೆಂಡತಿಯನ್ನು ಹೊಡೆಯುವವನನ್ನು, ಮಕ್ಕಳ ಮೇಲೆ ಕೈ ಹಾಕಿದವನನ್ನು ಉಳಿಸಲು ಕೃಪೆಯ ಮಾತಾಡುವವರಿದ್ದಾರೆ. ಅವನು ಅತ್ತಿದ್ದಾನೆ, ದೇವರು ಕ್ಷಮಿಸಿದ್ದಾನೆ, ನೀನ್ಯಾಕೆ ದೂರು ಕೊಡುತ್ತೀಯ ಅಂತ ನೊಂದವರ ಬಾಯಿ ಮುಚ್ಚಿಸುತ್ತಾರೆ. ಇದು ಕೃಪೆಯಲ್ಲ. ನಿಜವಾಗಿ ಪಶ್ಚಾತ್ತಾಪ ಪಟ್ಟವನು ಕಾನೂನಿನ ಎದುರು ತಾನೇ ಹೋಗಿ ನಿಲ್ಲುತ್ತಾನೆ.

ನನಗೆ ಮೋಸ ಮಾಡಿದವರನ್ನು ನಾನು ಕ್ಷಮಿಸಲೇಬೇಕಾ?

ಹೌದು. ಆದರೆ ಕ್ಷಮಿಸುವುದು ಬೇರೆ, ಮತ್ತೆ ನಂಬುವುದು ಬೇರೆ. ಸೇಡು ಬಿಡುವುದು ನಿಮ್ಮ ಕೈಯಲ್ಲಿದೆ. ಸಂಬಂಧ ಸರಿಯಾಗಲು ಆ ಕಡೆಯವರೂ ಬದಲಾಗಬೇಕು.

ಮತ್ತಾಯ 18ರ ಕಥೆಯಲ್ಲಿ ಒಬ್ಬ ಸೇವಕನಿಗೆ 10,000 ತಲಾಂತು ಸಾಲ ಮನ್ನಾ ಆಗುತ್ತದೆ. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ, ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಲೆಕ್ಕ ಹಾಕಿ ನೋಡಿ, 6 ಕೋಟಿ ದಿನಗಳ ದುಡಿಮೆ. ಒಂದು ದಿನವೂ ಬಿಡುವಿಲ್ಲದೆ ದುಡಿದರೂ 1,60,000 ವರ್ಷ ದಾಟುತ್ತದೆ. ಅವನು ಹೊರಗೆ ಬಂದು ಕುತ್ತಿಗೆ ಹಿಡಿದದ್ದು 100 ದಿನಾರಿ ಕೊಡಬೇಕಿದ್ದವನನ್ನು. ಆ 100 ದಿನಾರಿ ಕೂಡ ಸಣ್ಣ ಮೊತ್ತ ಅಲ್ಲ, ಮೂರು ತಿಂಗಳ ದುಡಿಮೆ. ನಿಮಗಾದ ಮೋಸ ಏನೂ ಅಲ್ಲ ಅಂತ ಯೇಸು ಹೇಳುತ್ತಿಲ್ಲ.

ನನ್ನ ಪಾಪ ಕ್ಷಮೆಗೂ ಮೀರಿದ್ದು ಅನ್ನಿಸುತ್ತೆ. ಕ್ಷಮೆಯೇ ಇಲ್ಲದ ಪಾಪ ಒಂದಿದೆಯಂತೆ, ಅದು ನಾನೇ ಮಾಡಿದ್ದೀನಾ?

ಈ ಪ್ರಶ್ನೆ ರಾತ್ರಿ ನಿದ್ದೆ ಕೆಡಿಸುವಂಥದ್ದು, ಕೇಳುವವರು ನಿಜಕ್ಕೂ ಹೆದರಿರುತ್ತಾರೆ. ಮಾರ್ಕ 3ರಲ್ಲಿ ಪವಿತ್ರಾತ್ಮನನ್ನು ದೂಷಿಸಿದರೆ ಕ್ಷಮೆ ಇಲ್ಲ ಅನ್ನುವ ಮಾತಿದೆ. ಅದನ್ನು ಯಾರಿಗೆ ಹೇಳಿದ್ದು? ಯೇಸು ಜನರನ್ನು ದೆವ್ವಗಳಿಂದ ಬಿಡಿಸುತ್ತಿದ್ದುದನ್ನು ಕಣ್ಣಾರೆ ಕಂಡೂ, ಇದು ದೆವ್ವಗಳ ಒಡೆಯನ ಕೆಲಸ ಅಂದ ಶಾಸ್ತ್ರಿಗಳಿಗೆ. ಬೆಳಕನ್ನು ಕತ್ತಲೆ ಅಂತ ಹಠದಿಂದ ಕರೆಯುವ ಮನಸ್ಸು ಅದು. ಅಂಥ ಮನಸ್ಸು ಕ್ಷಮೆ ಕೇಳುವುದೇ ಇಲ್ಲ. ಹಾಗಾಗಿ ತಾನು ಅದನ್ನು ಮಾಡಿಬಿಟ್ಟೆನೇನೋ ಅಂತ ಅಳುವವರು ಅದನ್ನು ಮಾಡಿದವರಲ್ಲ ಅನ್ನೋದು ಪಂಗಡ ಭೇದವಿಲ್ಲದೆ ಗುರುಗಳು ಕೊಟ್ಟುಕೊಂಡು ಬಂದ ಉತ್ತರ.

ಒಂದೇ ತಪ್ಪನ್ನು ಹತ್ತು ಸಲ ಒಪ್ಪಿಕೊಂಡರೂ ಭಯ ಹೋಗದಿದ್ದರೆ ಅದು ಆತಂಕದ ಕಾಯಿಲೆಯೂ ಆಗಿರಬಹುದು. ಡಾಕ್ಟರ ಹತ್ತಿರ ಹೋಗುವುದು ನಂಬಿಕೆ ಕಡಿಮೆ ಅನ್ನೋದರ ಗುರುತಲ್ಲ.

ನಮ್ಮ ಮನೆಯವರು ಆತ್ಮಹತ್ಯೆ ಮಾಡಿಕೊಂಡರು. ಅವರಿಗೆ ಕರುಣೆ ಇಲ್ಲ ಅಂತ ಹೇಳಿದರು.

ಹಾಗೆ ಹೇಳುವ ಅಧಿಕಾರ ಅವರಿಗೆ ಯಾರೂ ಕೊಟ್ಟಿಲ್ಲ. ಹಿಂದೆ ಸಭೆಗಳು ಈ ವಿಷಯದಲ್ಲಿ ತುಂಬ ಕಠಿಣವಾಗಿ ನಡೆದುಕೊಂಡಿವೆ, ಮಣ್ಣು ಮಾಡಲೂ ಒಪ್ಪದ ಕಾಲವಿತ್ತು. 1992ರಲ್ಲಿ ಬಂದ ಕಥೋಲಿಕ ಧರ್ಮೋಪದೇಶ ಎರಡು ಮಾತು ಹೇಳುತ್ತದೆ. ಮಾನಸಿಕ ಕಾಯಿಲೆ, ಭಯ, ತಡೆಯಲಾಗದ ಯಾತನೆ ಇದ್ದಾಗ ಹೊಣೆ ಕಡಿಮೆಯಾಗುತ್ತದೆ. ಮತ್ತು ಇವರ ರಕ್ಷಣೆಯ ಬಗ್ಗೆ ಆಸೆ ಬಿಡಬಾರದು, ದೇವರಿಗೆ ಮಾತ್ರ ಗೊತ್ತಿರುವ ದಾರಿಗಳಿವೆ. ಪ್ರೊಟೆಸ್ಟೆಂಟರು ಸಾಮಾನ್ಯವಾಗಿ ರೋಮಾಪುರದವರಿಗೆ 8ನ್ನು ತೋರಿಸುತ್ತಾರೆ, ಮರಣವೂ ನಮ್ಮನ್ನು ದೇವರ ಪ್ರೀತಿಯಿಂದ ಅಗಲಿಸಲಾರದು. ಈ ಪ್ರಶ್ನೆಯನ್ನು ನಿಮ್ಮ ಬಗ್ಗೆಯೇ ಕೇಳುತ್ತಿದ್ದರೆ ಓದುವುದನ್ನು ಇಲ್ಲಿಗೆ ನಿಲ್ಲಿಸಿ, ಹತ್ತಿರದ ಒಬ್ಬರಿಗೆ ಈಗಲೇ ಹೇಳಿ.

ಕಾಣಿಕೆ ಜಾಸ್ತಿ ಹಾಕಿದರೆ ಕೃಪೆ ಜಾಸ್ತಿ ಬರುತ್ತೆ ಅಂತಾರೆ, ನಿಜವಾ?

ಇಲ್ಲ. ಅಪೊಸ್ತಲರ ಕೃತ್ಯಗಳು 8ರಲ್ಲಿ ಸೀಮೋನ ಎಂಬವನು ಪವಿತ್ರಾತ್ಮನ ವರಕ್ಕೆ ದುಡ್ಡು ಕೊಡಲು ಬಂದ, ನಿನ್ನ ಬೆಳ್ಳಿ ನಿನ್ನ ಜೊತೆಗೇ ಹಾಳಾಗಲಿ ಅಂದ ಪೇತ್ರ. 1517ರಲ್ಲಿ ಲೂಥರ್ ಸಿಡಿದೆದ್ದದ್ದೂ ಪಾಪದಂಡನೆಯ ವಿನಾಯಿತಿಯನ್ನು ದುಡ್ಡಿಗೆ ಹಂಚಿದ್ದಕ್ಕೆ. ಐದನೇ ಪಯಸ್ ಪೋಪ್ 1567ರಲ್ಲಿ ಹಣ ತೆಗೆದುಕೊಂಡು ಕೊಡುವ ಅಂಥ ವಿನಾಯಿತಿಗಳನ್ನೆಲ್ಲ ರದ್ದು ಮಾಡಿದರು. ಕಾಣಿಕೆ ಕೊಡಿ, ಬಡವರಿಗೆ ಕೊಡಿ, ಆದರೆ ಅದನ್ನು ಬಿಲ್ ಮಾಡಿಕೊಂಡು ದೇವರ ಮುಂದೆ ಹೋಗಬೇಡಿ.

ದೀಕ್ಷಾಸ್ನಾನ, ಪಾಪನಿವೇದನೆ ಇಲ್ಲದೆ ಕೃಪೆ ಸಿಗಲ್ವಾ?

ಕಥೋಲಿಕರು ಮತ್ತು ಪೂರ್ವದ ಹಳೆಯ ಪಂಗಡವಾದ ಆರ್ಥೊಡಾಕ್ಸರು ಇಂಥ ಸಂಸ್ಕಾರಗಳ ಮೂಲಕ ದೇವರು ನಿಜವಾಗಿ ಕೃಪೆ ಕೊಡುತ್ತಾನೆ ಅನ್ನುತ್ತಾರೆ, ಏಳು ಸಂಸ್ಕಾರ ಎಣಿಸುತ್ತಾರೆ. ಪ್ರೊಟೆಸ್ಟೆಂಟರಲ್ಲಿ ಹೆಚ್ಚಿನವರು ಎರಡನ್ನು ಒಪ್ಪುತ್ತಾರೆ, ದೀಕ್ಷಾಸ್ನಾನ ಮತ್ತು ಕರ್ತನ ಭೋಜನ. ಕೆಲವರಿಗೆ ಅವು ಕೃಪೆಯ ಸಾಧನ, ಕೆಲವರಿಗೆ ಬರೀ ಗುರುತು. ಕ್ವೇಕರರು ಮತ್ತು ಸಾಲ್ವೇಶನ್ ಆರ್ಮಿಯವರು ಎರಡನ್ನೂ ಆಚರಿಸುವುದಿಲ್ಲ. ದೇವರು ಸಂಸ್ಕಾರಗಳಿಗೆ ಕಟ್ಟುಬಿದ್ದವನಲ್ಲ ಅನ್ನೋದನ್ನು ಕಥೋಲಿಕ ಧರ್ಮಸಭೆಯೂ ಹೇಳುತ್ತದೆ.

ಪಾದ್ರಿ ಕೆಟ್ಟವನಾದರೆ ಕೊಟ್ಟ ಸಂಸ್ಕಾರ ವ್ಯರ್ಥವಾ ಅಂತ ಕೆಲವರು ಕೇಳುತ್ತಾರೆ. ಉತ್ತರ ಆಫ್ರಿಕಾದ ಡೊನಾಟಿಸ್ಟರು 4ನೇ ಶತಮಾನದಲ್ಲಿ ಹೌದು ಅಂದಿದ್ದರು. ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್ ಅಲ್ಲ ಅಂದರು, ಕೊಡುವವನು ಕ್ರಿಸ್ತ, ಪಾದ್ರಿ ಅಲ್ಲ. ಅದೇ ನಿಂತಿತು.

## ಆಳದ ಪ್ರಶ್ನೆಗಳು

ನಾನು ನಂಬಿದ್ದಕ್ಕೆ ಕೃಪೆ ಬಂತಾ, ಕೃಪೆ ಬಂದಿದ್ದಕ್ಕೆ ನಂಬಿದೆನಾ?

5ನೇ ಶತಮಾನದ ಶುರುವಿನಲ್ಲಿ ಈ ಪ್ರಶ್ನೆಗೆ ದೊಡ್ಡ ಜಗಳವೇ ಆಯಿತು. ಬ್ರಿಟನ್ ಕಡೆಯ ಪೆಲಾಜಿಯಸ್ ಎಂಬ ಸನ್ಯಾಸಿ, ದೇವರು ಆಜ್ಞೆ ಕೊಟ್ಟಿದ್ದಾನೆ ಅಂದರೆ ಅದನ್ನು ನಡೆಸುವ ಶಕ್ತಿ ನಮ್ಮಲ್ಲೇ ಇದೆ ಅಂತ ಕಲಿಸಿದ. ಅವನು ಕೆಟ್ಟವನಲ್ಲ, ಸೋಮಾರಿ ಕ್ರೈಸ್ತರನ್ನು ಎಬ್ಬಿಸಲು ಹೊರಟವನು. ಅಗಸ್ಟೀನ್, ನಮ್ಮ ಇಚ್ಛೆಯೇ ಕಾಯಿಲೆ ಬಿದ್ದಿದೆ, ಒಳ್ಳೆಯದನ್ನು ಬಯಸುವುದಕ್ಕೂ ಕೃಪೆ ಬೇಕು ಅಂದರು. 418ರಲ್ಲಿ ಕಾರ್ತೇಜ್ ಸಭೆ, 431ರಲ್ಲಿ ಎಫೆಸದ ಮಹಾಸಭೆ ಪೆಲಾಜಿಯಸ್ ಕಡೆಯವರನ್ನು ತಿರಸ್ಕರಿಸಿದವು. ಆಮೇಲೆ ನಡುದಾರಿ ಹುಡುಕಿದವರು, ಮೊದಲ ಹೆಜ್ಜೆ ಮಾತ್ರ ನಮ್ಮದು, ಉಳಿದದ್ದು ದೇವರದು ಅಂದರು. 529ರಲ್ಲಿ ಒರಾಂಜ್ ಸಭೆ ಅದನ್ನೂ ಒಪ್ಪಲಿಲ್ಲ. ಮೊದಲ ಹೆಜ್ಜೆಯ ಹಿಂದೆಯೂ ಕೃಪೆ ಇದೆ.

ಹಾಗಾದರೆ ನಾವು ಗೊಂಬೆಗಳಾ? ಅಲ್ಲ. ಫಿಲಿಪ್ಪಿಯವರಿಗೆ 2ರಲ್ಲಿ ಪೌಲ ಒಂದೇ ಉಸಿರಿನಲ್ಲಿ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿ, ಯಾಕೆಂದರೆ ನಿಮ್ಮೊಳಗೆ ಕೆಲಸ ಮಾಡುವವನು ದೇವರು ಅನ್ನುತ್ತಾನೆ. ಆರ್ಥೊಡಾಕ್ಸರು ಇದನ್ನು ದೇವರೂ ಮನುಷ್ಯನೂ ಕೂಡಿ ದುಡಿಯುವುದು ಅನ್ನುತ್ತಾರೆ. 18ನೇ ಶತಮಾನದಲ್ಲಿ ಮೆಥೊಡಿಸ್ಟ್ ಪಂಗಡ ಶುರು ಮಾಡಿದ ಜಾನ್ ವೆಸ್ಲಿ, ದೇವರ ಕೃಪೆ ಎಲ್ಲರ ಒಳಗೂ ಮೊದಲೇ ಬಂದು ಹೌದು ಅನ್ನುವ ಶಕ್ತಿ ಕೊಡುತ್ತದೆ, ಹೌದು ಅನ್ನಬೇಕಾದವರು ನಾವು ಅಂದರು. ನನಗೆ ಇದು ಹಿಡಿಸುತ್ತದೆ, ರಕ್ಷಣೆ ಯಾರಿಗೆ ಅಂತ ದೇವರೇ ಮೊದಲು ಆರಿಸುತ್ತಾನೆ ಅನ್ನುವ ಸುಧಾರಕ ಕ್ಯಾಲ್ವಿನ್ ಕಡೆಯವರಿಗೆ ಹಿಡಿಸುವುದಿಲ್ಲ.

ದೇವರು ಕೆಲವರನ್ನು ಮೊದಲೇ ಆರಿಸಿಟ್ಟಿದ್ದರೆ ಉಳಿದವರ ತಪ್ಪೇನು?

ಕ್ಯಾಲ್ವಿನ್ ದಾರಿಯವರು ಹೇಳುವುದು: ಯಾರಿಗೂ ಬರಬೇಕಾದದ್ದು ತಪ್ಪಿಲ್ಲ, ಕೆಲವರಿಗೆ ನ್ಯಾಯ, ಕೆಲವರಿಗೆ ಕರುಣೆ, ಅನ್ಯಾಯ ಯಾರಿಗೂ ಇಲ್ಲ. ಡಚ್ ಪಂಡಿತ ಅರ್ಮಿನಿಯಸ್ ಒಪ್ಪಲಿಲ್ಲ, ಯಾರು ನಂಬುತ್ತಾರೆ ಅಂತ ಮೊದಲೇ ತಿಳಿದು ದೇವರು ಆರಿಸುತ್ತಾನೆ ಅಂದರು. ಅವರು ತೀರಿಕೊಂಡ ಮೇಲೆ 1618-19ರಲ್ಲಿ ಡಾರ್ಟ್ ಸಭೆ ಅವರ ಕಡೆಯವರ ವಿರುದ್ಧ ತೀರ್ಪು ಕೊಟ್ಟಿತು. ಕಥೋಲಿಕರು, ಲೂಥರನ್ನರು, ಮೆಥೊಡಿಸ್ಟರು ಕ್ರಿಸ್ತ ಎಲ್ಲರಿಗಾಗಿ ಸತ್ತ ಅನ್ನುವುದನ್ನು ಬಿಡುವುದಿಲ್ಲ.

ರೋಮಾಪುರದವರಿಗೆ 9ನೇ ಅಧ್ಯಾಯ ಓದಿ ಹೆದರಿದವರಿಗೆ ನನ್ನದೊಂದು ಕೋರಿಕೆ ಇದೆ, ದಯವಿಟ್ಟು 11ರ ತನಕ ಓದಿ. ಆ ವಾದ ಮುಗಿಯುವುದು ದೇವರು ಎಲ್ಲರನ್ನೂ ಕರುಣಿಸುವುದಕ್ಕಾಗಿ ಎಲ್ಲರನ್ನೂ ಅವಿಧೇಯತೆಯಲ್ಲಿ ಮುಚ್ಚಿಹಾಕಿದ ಅನ್ನುವಲ್ಲಿ.

ಒಮ್ಮೆ ಸಿಕ್ಕ ರಕ್ಷಣೆ ಕಳೆದುಹೋಗುತ್ತಾ?

ಕ್ಯಾಲ್ವಿನ್ ಕಡೆಯವರು ಮತ್ತು ಬಹಳಷ್ಟು ಬ್ಯಾಪ್ಟಿಸ್ಟರು ಇಲ್ಲ ಅನ್ನುತ್ತಾರೆ. ನನ್ನ ಕೈಯಿಂದ ಯಾರೂ ಅವರನ್ನು ಕಿತ್ತುಕೊಳ್ಳಲಾರರು ಅಂತ ಯೇಸು ಹೇಳಿದ್ದಾನೆ, ಯೋಹಾನ 10. ಕಥೋಲಿಕರು, ಆರ್ಥೊಡಾಕ್ಸರು, ಮೆಥೊಡಿಸ್ಟರು ಹೌದು ಅನ್ನುತ್ತಾರೆ. ಯಾರೂ ಕಿತ್ತುಕೊಳ್ಳಲಾರರು, ಆದರೆ ತಾನಾಗಿ ಬಿಟ್ಟು ಹೋಗಬಹುದು. ಇಬ್ರಿಯರಿಗೆ 6ರ ಎಚ್ಚರಿಕೆ ಸುಮ್ನೆ ಬರೆದದ್ದಲ್ಲ. ಕಥೋಲಿಕರ ಪ್ರಕಾರ ಮಾರಕ ಪಾಪದಿಂದ ಕೃಪೆ ಹೋಗುತ್ತದೆ, ಪಾಪನಿವೇದನೆಯಿಂದ ಮರಳುತ್ತದೆ. ದಿನದ ಬದುಕಿನಲ್ಲಿ ಎರಡೂ ಕಡೆಯವರು ಒಂದೇ ಸಲಹೆ ಕೊಡುತ್ತಾರೆ ಅನ್ನೋದು ತಮಾಷೆ. ಎಡವಿದರೆ ಎದ್ದು ಬಾ, ಬರಬಹುದಾ ಅಂತ ಯೋಚಿಸುತ್ತಾ ಕೂರಬೇಡ.

ನಾನು ಕೃಪೆಯಲ್ಲಿದ್ದೀನಿ ಅಂತ ಗೊತ್ತಾಗೋದು ಹೇಗೆ? ನನಗೇನೂ ಅನ್ನಿಸಲ್ಲ.

ಅನ್ನಿಸಲೇಬೇಕು ಅಂತಿಲ್ಲ. ವೆಸ್ಲಿಗೆ 1738ರ ಮೇ 24ರ ಸಂಜೆ ಹೃದಯ ಬೆಚ್ಚಗಾಯಿತು, ಎಲ್ಲರಿಗೂ ಹಾಗಾಗುವುದಿಲ್ಲ. 1431ರಲ್ಲಿ ಫ್ರಾನ್ಸಿನ ಸೇನೆಯ ಮುಂದೆ ನಿಂತ ಹಳ್ಳಿಯ ಹುಡುಗಿ ಜೋನ್ ಆಫ್ ಆರ್ಕ್‌ಳ ವಿಚಾರಣೆಯಲ್ಲಿ ನೀನು ದೇವರ ಕೃಪೆಯಲ್ಲಿದ್ದೀಯಾ ಅಂತ ಕೇಳಿದರು. ಅದು ಬಲೆ. ಹೌದು ಅಂದರೆ ಅಹಂಕಾರ, ಇಲ್ಲ ಅಂದರೆ ತಪ್ಪೊಪ್ಪಿಗೆ. ಓದು ಬರಹ ಬಾರದ ಆ ಹುಡುಗಿ, ಇಲ್ಲದಿದ್ದರೆ ದೇವರು ನನ್ನನ್ನು ಅದರಲ್ಲಿ ಸೇರಿಸಲಿ, ಇದ್ದರೆ ಅಲ್ಲೇ ಇಡಲಿ ಅಂದಳು. ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ಕಥೋಲಿಕರು, ಪ್ರೊಟೆಸ್ಟೆಂಟರು ಇನ್ನೂ ಇದೇ ವಿಷಯಕ್ಕೆ ಜಗಳ ಆಡ್ತಾ ಇದ್ದಾರಾ?

ಮೊದಲಿನಷ್ಟು ಇಲ್ಲ. 1547ರಲ್ಲಿ ಟ್ರೆಂಟ್ ಮಹಾಸಭೆ ಸುಧಾರಕರ ಬೋಧನೆಗಳನ್ನು ಖಂಡಿಸಿತ್ತು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಧರ್ಮಸಭೆ ಮತ್ತು ಲೂಥರನ್ ಜಾಗತಿಕ ಒಕ್ಕೂಟ ಜಂಟಿ ಘೋಷಣೆಗೆ ಸಹಿ ಹಾಕಿದವು. ಕೃಪೆಯಿಂದ ಮಾತ್ರ, ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಕ್ರಿಸ್ತನ ಮೇಲಿನ ನಂಬಿಕೆಯಲ್ಲಿ ದೇವರು ನಮ್ಮನ್ನು ಸ್ವೀಕರಿಸುತ್ತಾನೆ ಅನ್ನೋದನ್ನು ಇಬ್ಬರೂ ಒಪ್ಪಿದರು. ಮೆಥೊಡಿಸ್ಟರು 2006ರಲ್ಲಿ, ರಿಫಾರ್ಮ್ಡ್ ಸಭೆಗಳ ಒಕ್ಕೂಟ 2017ರಲ್ಲಿ ಸೇರಿಕೊಂಡವು. ಎಲ್ಲ ಮುಗಿದಿಲ್ಲ. ಕೆಲವು ಲೂಥರನ್ ಸಭೆಗಳು ಒಪ್ಪಂದವನ್ನು ಒಪ್ಪಿಲ್ಲ, ಶುದ್ಧೀಕರಣ ಸ್ಥಳದ (ಸತ್ತ ಮೇಲೆ ಸ್ವರ್ಗಕ್ಕೆ ಹೋಗುವ ಮೊದಲು ಶುದ್ಧವಾಗುವುದು ಅಲ್ಲಿ ಅಂತ ಕಥೋಲಿಕರ ನಂಬಿಕೆ) ವಿಷಯ ಹಾಗೇ ಇದೆ.

ಆರ್ಥೊಡಾಕ್ಸರು ಈ ಜಗಳದಲ್ಲಿ ಇರಲೇ ಇಲ್ಲ. ಅವರಿಗೆ ಕೃಪೆ ಎಂದರೆ ಕೋರ್ಟಿನ ತೀರ್ಪಲ್ಲ, ದೇವರ ಜೀವವೇ ನಮ್ಮೊಳಗೆ ಹರಿಯುವುದು. 14ನೇ ಶತಮಾನದಲ್ಲಿ ಗ್ರೆಗರಿ ಪಲಮಾಸ್ ಇದನ್ನು ವಿವರವಾಗಿ ಬರೆದರು.

ಯೇಸುವಿನ ಹೆಸರೇ ಕೇಳದವರು, ಹುಟ್ಟುತ್ತಲೇ ತೀರಿಹೋದ ಮಕ್ಕಳು, ಇವರ ಗತಿ?

ಮಕ್ಕಳ ವಿಷಯದಲ್ಲಿ ಹಿಂದೆ ಲಿಂಬೋ ಅನ್ನುವ ಕಲ್ಪನೆ ಇತ್ತು, ನೋವೂ ಇಲ್ಲದ ದೇವರ ದರ್ಶನವೂ ಇಲ್ಲದ ಜಾಗ. ಅದು ಕಥೋಲಿಕರಲ್ಲೂ ಕಡ್ಡಾಯದ ನಂಬಿಕೆ ಆಗಿರಲಿಲ್ಲ. 2007ರಲ್ಲಿ ವ್ಯಾಟಿಕನ್ನಿನ ಧರ್ಮಶಾಸ್ತ್ರ ಆಯೋಗ, ದೀಕ್ಷಾಸ್ನಾನ ಇಲ್ಲದೆ ತೀರಿಹೋದ ಮಕ್ಕಳಿಗೆ ರಕ್ಷಣೆ ಇದೆ ಅಂತ ಆಶಿಸಲು ಗಟ್ಟಿ ಕಾರಣಗಳಿವೆ ಅಂದಿತು. ದೊಡ್ಡವರ ಬಗ್ಗೆ 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ತಮ್ಮ ತಪ್ಪಿಲ್ಲದೆ ಸುವಾರ್ತೆ ತಿಳಿಯದೆ, ಪ್ರಾಮಾಣಿಕವಾಗಿ ದೇವರನ್ನು ಹುಡುಕಿ ಮನಸ್ಸಾಕ್ಷಿಯಂತೆ ನಡೆದವರಿಗೂ ರಕ್ಷಣೆ ಸಾಧ್ಯ ಅಂತ ಹೇಳಿತು. ಅದೂ ಅವರ ಒಳ್ಳೆಯತನದಿಂದಲ್ಲ, ಕೃಪೆಯಿಂದಲೇ. ಹಲವು ಇವ್ಯಾಂಜೆಲಿಕಲ್ ಸಭೆಗಳು ಈ ಮಾತನ್ನು ಒಪ್ಪುವುದಿಲ್ಲ, ಕ್ರಿಸ್ತನನ್ನು ತಿಳಿದು ನಂಬಬೇಕು ಅನ್ನುತ್ತವೆ.

ಕರುಣೆಗೆ ಮಿತಿ ಇಲ್ಲ ಅಂದರೆ ಕೊನೆಗೆ ಎಲ್ಲರೂ ಒಳಗೆ ಬರಬೇಕಲ್ವಾ?

4ನೇ ಶತಮಾನದ ನಿಸ್ಸಾದ ಗ್ರೆಗರಿ ಹಾಗೆ ನಂಬಿದ್ದರು, ಅವರನ್ನು ಸಂತರೆಂದೇ ಗೌರವಿಸುತ್ತಾರೆ. ಆದರೆ ಎಲ್ಲರೂ ರಕ್ಷಣೆ ಹೊಂದೇ ಹೊಂದುತ್ತಾರೆ ಅನ್ನೋದನ್ನು ಹೆಚ್ಚಿನ ಸಭೆಗಳು ಕಲಿಸುವುದಿಲ್ಲ. ಮುಖ್ಯ ಕಾರಣ, ಪ್ರೀತಿಯನ್ನು ಬಲವಂತ ಮಾಡಲಾಗದು, ಬೇಡ ಅನ್ನುವ ಹಕ್ಕು ಮನುಷ್ಯನಿಗೆ ಇರಲೇಬೇಕು. 20ನೇ ಶತಮಾನದ ಕಥೋಲಿಕ ಪಂಡಿತ ಹಾನ್ಸ್ ಉರ್ಸ್ ಫಾನ್ ಬಾಲ್ತಸರ್, ಹಾಗಾಗುತ್ತದೆ ಅಂತ ಹೇಳಬಾರದು, ಆಗಲಿ ಅಂತ ಆಶಿಸಬಹುದು ಅಂದರು. ನಾನು ಅವರ ಕಡೆ. ರಕ್ಷಣೆ ಹೊಂದುವವರು ಕೆಲವರು ಮಾತ್ರವೇ ಅಂತ ಯೇಸುವನ್ನೇ ಒಬ್ಬ ಕೇಳಿದ್ದುಂಟು, ಲೂಕ 13ರಲ್ಲಿದೆ. ಅವನಿಗೆ ಸಂಖ್ಯೆ ಸಿಗಲಿಲ್ಲ. ಇಕ್ಕಟ್ಟಾದ ಬಾಗಿಲಿನಿಂದ ಒಳಗೆ ಹೋಗಲು ನೀವು ಪ್ರಯಾಸಪಡಿ ಅನ್ನುವ ಉತ್ತರ ಸಿಕ್ಕಿತು.